ಓಕೆ: ಎರಡಕ್ಷರದ ಹುಟ್ಟಿಗೆ ಸಾಕ್ಷಿ ಎಲ್ಲಿದೆ?

‘ಓಕೆ’ ಎಲ್ಲಿ ಹುಟ್ಟಿತು ಎಂದು ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಯಾರೂ ಸಾಯದ ದಿನ ಸೈನಿಕರು ಪಾಳೆಯದ ಹಲಗೆಯ ಮೇಲೆ ‘ಸೊನ್ನೆ ಕಿಲ್ಡ್’ ಎಂದು ಬರೆಯುತ್ತಿದ್ದರಂತೆ. ಆ ಸೊನ್ನೆಯೇ ಓ ಆಯಿತಂತೆ, ಕಿಲ್ಡ್ ಪದದ ಮೊದಲಕ್ಷರವೇ ಕೆ ಆಯಿತಂತೆ. ತಂತಿ ಕಳಿಸುವವರ ‘ಓಪನ್ ಕೀ’ ಎಂಬ ಮಾತಿನಿಂದ ಬಂತು ಎನ್ನುವವರೂ ಇದ್ದಾರೆ. ಗ್ರೀಕರ ‘ಓಲ ಕಲ’ ಎಂದರೂ ಎಲ್ಲ ಚೆನ್ನಾಗಿದೆ ಎಂದೇ ಅರ್ಥ, ಹಾಗಾಗಿ ಅದೇ ಮೂಲ ಎಂದು ಇನ್ನು ಕೆಲವರು. ಕೇಳಲು ಎಲ್ಲವೂ ಚೆಂದ. ಆದರೆ ಪದದ ಹುಟ್ಟನ್ನು ತೀರ್ಮಾನಿಸಬೇಕಾದದ್ದು ಕಥೆಯ ಚೆಂದವಲ್ಲ. ಆ ಪದ ಮೊದಲು ಯಾವ ದಿನಾಂಕದ ಬರಹದಲ್ಲಿ ಕಾಣಿಸಿತು, ಅಲ್ಲಿ ಅದರ ಅರ್ಥ ಏನಿತ್ತು, ಅದರ ಅಕ್ಕಪಕ್ಕ ಬೇರೆ ಯಾವ ಪದಗಳಿದ್ದವು, ಇವನ್ನು ನೋಡಬೇಕು. ಹಾಗೆ ನೋಡಿದರೆ ಮೇಲಿನ ಮೊದಲೆರಡು ಕಥೆಗಳು ಕೂಡಲೇ ಬಿದ್ದುಹೋಗುತ್ತವೆ. ಅಂತರ್ಯುದ್ಧ ಶುರುವಾದದ್ದು 1861ರಲ್ಲಿ. ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತನ್ನ ಹೆಸರಾಂತ ತಂತಿ ಕಳಿಸಿದ್ದು 1844ರಲ್ಲಿ. ಓಕೆ ಎಂಬ ಮಾತು ಅದಕ್ಕೂ ಮೊದಲೇ ಅಚ್ಚಾಗಿ, ಜನರ ಬಾಯಿಗೆ ಬಿದ್ದು, ಒಂದು ಚುನಾವಣೆಯಲ್ಲಿ ಘೋಷಣೆಯೂ ಆಗಿತ್ತು. ಅದು ಪತ್ರಿಕೆಯೊಂದರ ತಮಾಷೆಯಿಂದ ಹುಟ್ಟಿದ ಪದ ಎಂಬುದೇ ನನ್ನ ವಾದ. ಇದಕ್ಕೆ ಬರುವ ಎಲ್ಲ ಆಕ್ಷೇಪಗಳೂ ಹಗುರವಾದವಲ್ಲ, ಆದ್ದರಿಂದ ಅವನ್ನೂ ಎದುರಿಗಿಟ್ಟುಕೊಂಡೇ ಮಾತಾಡಬೇಕು.

1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್ ನೆರೆಯ ಪ್ರಾವಿಡೆನ್ಸ್ ನಗರದ ಪತ್ರಿಕೆಯನ್ನು ಕೆಣಕಿ ಒಂದು ಸಣ್ಣ ಟಿಪ್ಪಣಿ ಬರೆದ. ಬಾಸ್ಟನ್ನಿನ ವಿನೋದ ಸಂಘವೊಂದರ ಪ್ರವಾಸ ಅದರ ವಿಷಯ. ಅದರ ನಡುವೆ ಓ.ಕೆ. ಎಂಬ ಎರಡಕ್ಷರ ಬರುತ್ತದೆ, ಬೆನ್ನಿಗೇ ಅದರ ಬಿಡಿಸಿದ ರೂಪ ‘ಆಲ್ ಕರೆಕ್ಟ್’ ಇದೆ. ಎಲ್ಲ ಸರಿಯಾಗಿದೆ ಎಂದರ್ಥ. ಓದುಗರಿಗೆ ಬಿಡಿಸಿ ಹೇಳಬೇಕಾಯಿತು ಎಂಬುದೇ ಆ ಬಳಕೆ ಇನ್ನೂ ಹಸಿಯಾಗಿತ್ತು ಎನ್ನುವುದಕ್ಕೆ ಒಳ್ಳೆಯ ಗುರುತು. ಇಂಗ್ಲಿಷ್ ಕಾಗುಣಿತ ಬಲ್ಲವರಿಗೆ ಇಲ್ಲಿನ ತಮಾಷೆ ತಟ್ಟನೆ ಹೊಳೆಯುತ್ತದೆ: ಈ ಎರಡು ಪದಗಳ ಮೊದಲಕ್ಷರಗಳು ಎ ಮತ್ತು ಸಿ, ಓ ಮತ್ತು ಕೆ ಅಲ್ಲ. ‘ಎಲ್ಲ ಸರಿಯಾಗಿದೆ’ ಎಂಬುದನ್ನೇ ತಪ್ಪಾಗಿ ಬರೆದು ನಗಿಸುವುದು ಅದರ ಹೂರಣ. ಈ ದಾಖಲೆಯನ್ನು ಹುಡುಕಿ ತೆಗೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್. ಅವರ ನಡೆ ಗಮನಿಸಬೇಕಾದದ್ದು. 1941ರಲ್ಲಿ ಅವರೇ 1840ರ ಚುನಾವಣೆಯೊಂದಿಗೆ ಈ ಪದದ ಹುಟ್ಟನ್ನು ಬೆಸೆದು ಲೇಖನ ಬರೆದಿದ್ದರು. ಇನ್ನೂ ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದಾಗ 1839ರ ಬಳಕೆ ಕಂಡಿತು. 1963 ಮತ್ತು 1964ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಸರಣಿ ಲೇಖನ ಬರೆದು ತಮ್ಮ ಹಿಂದಿನ ನಿಲುವನ್ನು ತಾವೇ ಬದಲಿಸಿಕೊಂಡರು. ಪದಚರಿತ್ರೆಯಲ್ಲಿ ಈ ಗುಣ ಅಪರೂಪ, ಅದಕ್ಕೇ ಅವರ ತೀರ್ಮಾನಕ್ಕೆ ತೂಕವೂ ಹೆಚ್ಚು.

ಒಂದೇ ಒಂದು ಟಿಪ್ಪಣಿಯಾಗಿದ್ದರೆ ಅದನ್ನು ಆಕಸ್ಮಿಕ ಎಂದು ತಳ್ಳಿಹಾಕಬಹುದಿತ್ತು. ಆದರೆ ಆ ಎರಡಕ್ಷರಕ್ಕೆ ಒಡಹುಟ್ಟಿದವರು ಹಲವರಿದ್ದರು. 1838ರ ಬೇಸಿಗೆಯಿಂದಲೇ ಬಾಸ್ಟನ್ನಿನ ಪತ್ರಿಕೆಗಳಿಗೆ ಮೊದಲಕ್ಷರಗಳ ಹುಚ್ಚು ಹಿಡಿದಿತ್ತು. ‘ಆಲ್ ರೈಟ್’ ಎಂಬುದನ್ನು ಬೇಕೆಂದೇ ತಪ್ಪಾಗಿ ಬರೆದು ಓ.ಡಬ್ಲ್ಯು. ಎಂದು ಚುಟುಕು ಮಾಡಿದರು. ಉಪಯೋಗವಿಲ್ಲ ಎಂಬರ್ಥದ ‘ನೋ ಯೂಸ್’ ಇದೇ ದಾರಿಯಲ್ಲಿ ಕೆ.ವೈ. ಆಯಿತು. ಸಾಲ ತೀರಿಸಲಾಗದೆ ಊರು ಬಿಟ್ಟವನಿಗೆ ಜಿ.ಟಿ., ಅಂದರೆ ಟೆಕ್ಸಾಸಿಗೆ ಹೋದ ಎಂಬ ಮುದ್ರೆ. ಆಗಿನ ಸಂಪಾದಕರು ತಮ್ಮ ಪತ್ರಿಕೆಗಳನ್ನು ಅಂಚೆಯಲ್ಲಿ ಪರಸ್ಪರ ಕಳಿಸಿಕೊಂಡು, ಒಬ್ಬರ ಬರಹವನ್ನು ಇನ್ನೊಬ್ಬರು ಎತ್ತಿ ಹಾಕುತ್ತಿದ್ದರು. ಹಾಗಾಗಿ ಒಂದೂರಿನ ತಮಾಷೆ ಇನ್ನೊಂದೂರಿಗೆ ಬಲುಬೇಗ ದಾಟುತ್ತಿತ್ತು. ಓ.ಕೆ. ಬಾಸ್ಟನ್ನಿನಿಂದ ಬೇರೆ ನಗರಗಳಿಗೆ ಹೋದ ಹೆಜ್ಜೆಗಳನ್ನು ಆ ಕಾಲದ ಅಚ್ಚಿನಲ್ಲೇ ಹಿಂಬಾಲಿಸಬಹುದು. ಗ್ರೀಕ್ ಕಥೆಗೆ ಇಂಥ ಒಂದು ಹೆಜ್ಜೆಗುರುತೂ ಇಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಇಷ್ಟು ಕ್ಷುಲ್ಲಕವಾದ ತಮಾಷೆಯೊಂದು ಲೋಕವೆಲ್ಲ ಆಡುವ ಮಾತಾಗುವುದುಂಟೇ? ಓ.ಡಬ್ಲ್ಯು. ಸತ್ತುಹೋಯಿತು, ಕೆ.ವೈ. ಸತ್ತುಹೋಯಿತು, ಇದೊಂದೇ ಏಕೆ ಉಳಿಯಿತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ಹುಟ್ಟಿನ ಪ್ರಶ್ನೆಯಲ್ಲ, ಉಳಿವಿನ ಪ್ರಶ್ನೆ. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ದೊಡ್ಡ ಪದಕ್ಕೆ ದೊಡ್ಡ ಮೂಲ ಬೇಕು ಎಂಬ ಹಂಬಲದಿಂದ ಇಷ್ಟೊಂದು ಕಥೆಗಳು ಹುಟ್ಟಿವೆ. ಉಳಿವಿಗೆ ಕಾರಣ ಬೇರೆಯೇ ಇವೆ. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ಎರಡನೇ ಬಾರಿಗೆ ಚುನಾವಣೆಗೆ ನಿಂತ. ಅವನ ಹುಟ್ಟೂರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಬೆಂಬಲಿಗರು ಅವನನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು, ನ್ಯೂಯಾರ್ಕ್ ನಗರದಲ್ಲಿ ಓ.ಕೆ. ಕ್ಲಬ್ ಕಟ್ಟಿದರು. ಆಗಲೇ ಚಾಲ್ತಿಯಲ್ಲಿದ್ದ ಎಲ್ಲ ಸರಿ ಎಂಬ ಅರ್ಥವೂ ಅವರಿಗೆ ಒದಗಿಬಂತು. ಎದುರಾಳಿಗಳು ಸುಮ್ಮನಿರಲಿಲ್ಲ. ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಕಾಗುಣಿತ ಬಾರದು, ಕಡತಗಳ ಮೇಲೆ ಆಲ್ ಕರೆಕ್ಟ್ ಎಂದು ತಪ್ಪಾಗಿ ಬರೆದು ಓ.ಕೆ. ಹಾಕುತ್ತಿದ್ದ ಎಂಬ ಕಟ್ಟುಕಥೆ ಹರಡಿದರು. ವಾನ್ ಬ್ಯೂರೆನ್ ಸೋತ, ವಿಲಿಯಂ ಹೆನ್ರಿ ಹ್ಯಾರಿಸನ್ ಗೆದ್ದ. ಗೆದ್ದವರೂ ಸೋತವರೂ ಸೇರಿ ತಿಂಗಳುಗಟ್ಟಲೆ ಕೂಗಾಡಿದ್ದರಿಂದ ಎರಡಕ್ಷರ ಮಾತ್ರ ದೇಶದ ತುಂಬ ಹಬ್ಬಿತು. ಜಾಕ್ಸನ್ ಕುರಿತ ಸುಳ್ಳು ಇನ್ನೊಂದು ಕೆಲಸವನ್ನೂ ಮಾಡಿತು: ಓ.ಕೆ. ಎಂದರೆ ಮೇಲಧಿಕಾರಿ ಕಾಗದ ನೋಡಿ ಹಾಕುವ ಒಪ್ಪಿಗೆಯ ಗುರುತು ಎಂಬ ಭಾವನೆಯನ್ನು ಬೇರೂರಿಸಿತು. ಮುಂದಿನ ದಶಕಗಳಲ್ಲಿ ರೈಲು, ತಂತಿ, ವ್ಯಾಪಾರದ ರಸೀದಿಗಳು ಬೆಳೆದವು. ಸರಕು ಬಂತು, ಸಂದೇಶ ಮುಟ್ಟಿತು, ಲೆಕ್ಕ ತಾಳೆಯಾಯಿತು ಎಂದು ತಿಳಿಸಲು ಚಿಕ್ಕದಾದ, ಗೊಂದಲಕ್ಕೆಡೆಯಿಲ್ಲದ ಒಂದು ಗುರುತು ಬೇಕಿತ್ತು. ಅದು ಆಗಲೇ ಸಿದ್ಧವಾಗಿತ್ತು. ತಂತಿ ಓಕೆಯನ್ನು ಹೆರಲಿಲ್ಲ, ಸಾಕಿತು.

ಎರಡನೇ ಆಕ್ಷೇಪ 1839ಕ್ಕಿಂತ ಹಳೆಯ ದಾಖಲೆಗಳದ್ದು. ಟೆನೆಸಿ ಸೀಮೆಯ ಸಮ್ನರ್ ಕೌಂಟಿಯ 1790ರ ನ್ಯಾಯಾಲಯ ದಾಖಲೆಯಲ್ಲಿ, ಇದೇ ಜಾಕ್ಸನ್ ಸಾಬೀತುಪಡಿಸಿದ ಕ್ರಯಪತ್ರವೊಂದರ ಜೊತೆ ಓ.ಕೆ. ಎಂದಿದೆ ಎಂದು ಹಿಂದೆ ಚರಿತ್ರಕಾರರು ಬರೆದದ್ದುಂಟು. ಮೂಲ ಹಸ್ತಪ್ರತಿ ನೋಡಿದವರಿಗೆ ಕಂಡದ್ದು ಓ.ಆರ್., ಅಂದರೆ ಆದೇಶ ದಾಖಲಾಯಿತು ಎಂಬ ಕಚೇರಿಯ ಸಂಕ್ಷೇಪ. ವಿಲಿಯಂ ರಿಚರ್ಡ್‌ಸನ್ ಎಂಬಾತ 1815ರಲ್ಲಿ ಬಾಸ್ಟನ್ನಿನಿಂದ ನ್ಯೂ ಆರ್ಲಿಯನ್ಸಿಗೆ ಹೋಗುವಾಗ ಬರೆದ ದಿನಚರಿಯಲ್ಲೂ ಈ ಎರಡಕ್ಷರ ಕಾಣುತ್ತದೆ. ಆದರೆ ಆ ಸಾಲು ಬರೆಯುತ್ತ ತಿದ್ದಿದ್ದು. ಅಕ್ಷರಗಳು ಇರುವ ಜಾಗದಲ್ಲಿ ‘ಎಲ್ಲ ಸರಿ’ ಎಂಬ ಅರ್ಥ ಸಲೀಸಾಗಿ ಕೂರುವುದಿಲ್ಲ. ಇಂಥ ಒಂಟಿ ಸಾಲಿನ ಮೇಲೆ ಚರಿತ್ರೆ ಕಟ್ಟಲಾಗದು. ನಾಳೆ 1839ಕ್ಕಿಂತ ಹಳೆಯ, ಅರ್ಥ ಸ್ಪಷ್ಟವಾಗಿರುವ ಬಳಕೆ ಸಿಕ್ಕರೆ ಈ ವಾದವೂ ಹಿಂದೆ ಸರಿಯಲೇಬೇಕು; ರೀಡ್ ಸರಿದದ್ದೂ ಹಾಗೆಯೇ.

ಮೂರನೆಯದು ದನಿಯ ಹೋಲಿಕೆಯ ವಾದ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ನುಡಿಯಲ್ಲಿ ‘ಅದು ಹಾಗೆಯೇ’ ಎಂದು ದೃಢಪಡಿಸಲು ‘ಓಕೆ’ ಎಂಬಂತೆ ಕೇಳಿಸುವ ಮಾತೊಂದಿದೆ. ಅಧ್ಯಕ್ಷ ವುಡ್ರೋ ವಿಲ್ಸನ್ ಇದನ್ನೇ ನಂಬಿ, ಕಡತಗಳ ಮೇಲೆ ಚಾಕ್ಟಾ ಕಾಗುಣಿತದಲ್ಲೇ ಬರೆಯುತ್ತಿದ್ದರು. ಹೋಲಿಕೆ ನಿಜ, ಆದರೆ ಹೋಲಿಕೆ ಎಷ್ಟು ಅಗ್ಗ ಎಂಬುದನ್ನು ಕನ್ನಡದಿಂದಲೇ ತೋರಿಸಬಹುದು. ಯಾರಾದರೂ ಕೂಗಿದರೆ ನಾವು ‘ಓ’ ಎನ್ನುತ್ತೇವೆ. ಹಾಗೆ ಉತ್ತರ ಕೊಡುವುದಕ್ಕೆ ಓಗೊಡುವುದು ಎಂಬ ಪದವೇ ಇದೆ. ಅದನ್ನು ಬಿಡಿಸಿದರೆ ‘ಓ’ ಮತ್ತು ‘ಕೊಡು’, ಮೊದಲ ದನಿ ಓ, ಎರಡನೆಯದು ಕ. ಅರ್ಥವೂ ಹತ್ತಿರದ್ದೇ, ಕರೆಗೆ ಒಪ್ಪಿ ದನಿಗೂಡಿಸುವುದು. ಇಷ್ಟಾದರೂ ಓಕೆ ಕನ್ನಡದಿಂದ ಬಾಸ್ಟನ್ನಿಗೆ ಹೋಯಿತು ಎಂದು ಯಾರೂ ಹೇಳಲಾರರು, ಏಕೆಂದರೆ ನಡುವೆ ದಾರಿಯಿಲ್ಲ. ಚಾಕ್ಟಾ ವಾದಕ್ಕೂ ಕೊರತೆ ಇದೇ. ಆ ಜನರು ಇದ್ದದ್ದು ದಕ್ಷಿಣದ ಸೀಮೆಯಲ್ಲಿ, ಪದ ಅಚ್ಚಿನಲ್ಲಿ ಮೊದಲು ಕಂಡದ್ದು ಈಶಾನ್ಯದ ಬಾಸ್ಟನ್ನಿನಲ್ಲಿ. ಇವೆರಡನ್ನೂ ಕೂಡಿಸುವ ಬರಹ ಕೈಗೆ ಸಿಕ್ಕಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಆಫ್ರಿಕದ ವಾದ. ಪಶ್ಚಿಮ ಆಫ್ರಿಕದ ವೋಲೋಫ್ ನುಡಿಯಲ್ಲಿ ಹೌದು ಎಂದು ಒತ್ತಿ ಹೇಳುವ ‘ವಾವ್ ಕೇ’ ಎಂಬ ಮಾತಿದೆ. ಗುಲಾಮರಾಗಿ ಹಡಗೇರಿಸಲ್ಪಟ್ಟ ಜನರೇ ಅದನ್ನು ಅಮೆರಿಕಕ್ಕೆ ತಂದರು ಎಂದು ಭಾಷಾವಿಜ್ಞಾನಿ ಡೇವಿಡ್ ಡಾಲ್ಬಿ ಪ್ರತಿಪಾದಿಸಿದರು. ಇದರ ಹಿಂದಿರುವ ನೋವಿನ ತರ್ಕವನ್ನು ಕಡೆಗಣಿಸಲಾಗದು: ಅಕ್ಷರ ಕಲಿಯುವುದನ್ನೇ ತಡೆಯಲಾಗಿದ್ದ ಜನರ ಮಾತನ್ನು ಬಿಳಿಯರ ಪತ್ರಿಕೆಗಳು ಬರೆದಿಡಲಿಲ್ಲ ಎಂದಮಾತ್ರಕ್ಕೆ ಆ ಮಾತೇ ಇರಲಿಲ್ಲ ಎನ್ನುವುದು ಅನ್ಯಾಯ. ನಿಜ. ಇಂಗ್ಲಿಷಿಗೆ ಆಫ್ರಿಕದ ನುಡಿಗಳ ಕೊಡುಗೆಯೂ ಸಣ್ಣದಲ್ಲ. ಬೆಂಡೆಕಾಯಿಗೆ ಇಂಗ್ಲಿಷರು ಹೇಳುವ ಓಕ್ರಾ, ಅದನ್ನು ಹಾಕಿ ಮಾಡುವ ಗಂಬೊ ಎಂಬ ಸಾರು, ಎರಡೂ ಅಲ್ಲಿಂದ ಬಂದ ಹೆಸರುಗಳೇ. ಆದರೆ ಬರೆದಿಡದ ಮಾತಿಗೆ ಜಾಗ ಬಿಡುವುದು ಬೇರೆ, ಬರೆದಿಟ್ಟ ಮಾತನ್ನು ವಿವರಿಸುವುದು ಬೇರೆ. 1839ರ ಓ.ಕೆ. ತನ್ನ ಅರ್ಥವನ್ನು ಪಕ್ಕದಲ್ಲೇ ಇಟ್ಟುಕೊಂಡು ಬಂದಿದೆ, ಅದೇ ಅಚ್ಚಿನ ಒಡಹುಟ್ಟುಗಳೂ ಸುತ್ತಲಿವೆ. ಅದನ್ನು ವಿವರಿಸಲು ವೋಲೋಫ್ ಮಾತಿನ ಅಗತ್ಯ ಬೀಳುವುದಿಲ್ಲ. ದಕ್ಷಿಣದ ಹೊಲಗಳಲ್ಲಿ ಅದೇ ದನಿಯ ಮಾತೊಂದು ಇದ್ದು, ಹೊಸ ಪದ ಅಲ್ಲಿಗೆ ಬಂದಾಗ ಕಿವಿಗೆ ಪರಿಚಿತವೆನಿಸಿರಬಹುದು ಎಂದರೆ ಅದು ಒಪ್ಪತಕ್ಕ ಊಹೆ. ಮೂಲ ಅದೇ ಎನ್ನುವುದಕ್ಕೆ ಅಷ್ಟು ಸಾಲದು.

ಹುಟ್ಟಿನ ಅರ್ಥದಲ್ಲೇ ಪದ ನಿಂತಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎಲ್ಲ ಸರಿ ಎಂಬುದು ಪೂರ್ಣ ಮೆಚ್ಚುಗೆ. ಇಂದಿನ ಓಕೆ ಮೆಚ್ಚುಗೆಯೂ ಅಲ್ಲ, ಟೀಕೆಯೂ ಅಲ್ಲ, ನಡೆಯುತ್ತದೆ ಎಂಬಷ್ಟೇ ಮಾತು. 1969ರ ಜುಲೈಯಲ್ಲಿ ಅಪೊಲೊ 11ರ ನೌಕೆ ಚಂದ್ರನ ನೆಲ ಮುಟ್ಟಿದ ಕ್ಷಣ ಬಜ್ ಆಲ್ಡ್ರಿನ್ ಓಕೆ ಎಂದು ಎಂಜಿನ್ ನಿಂತದ್ದನ್ನು ತಿಳಿಸಿದ್ದು ಇಂಥ ಶಾಂತ ಒಪ್ಪಿಗೆಯ ದನಿಯಲ್ಲಿ. ಕನ್ನಡದಲ್ಲಿ ‘ಸರಿ’ ಇರುವಾಗ ಓಕೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಅದು ಸರಿಯ ಜಾಗವನ್ನು ಪೂರ್ತಿ ಕಿತ್ತುಕೊಂಡಿಲ್ಲ. ಲೆಕ್ಕ ಸರಿ, ದಾರಿ ಸರಿ ಎನ್ನುವಲ್ಲಿ ಯಾರೂ ಓಕೆ ಹಾಕುವುದಿಲ್ಲ. ಸಿನಿಮಾ ಹೇಗಿತ್ತು ಎಂದರೆ ‘ಓಕೆ’ ಎನ್ನುವಾಗ ಅದು ನಿಂತಿರುವುದು ‘ಪರವಾಗಿಲ್ಲ’ದ ಜಾಗದಲ್ಲಿ. ನಾಳೆ ಬಾ ಎಂದಾಗ ‘ಆಯ್ತು’ವಿನ ಜಾಗದಲ್ಲಿ. ‘ಆಗಲಿ’ ಎಂಬುದರಲ್ಲಿ ಹಿರಿಯರು ಅನುಮತಿ ಕೊಡುವ ದನಿಯಿದೆ, ಓಕೆಗೆ ಆ ಮೇಲು ಕೀಳಿಲ್ಲ. ಮರ್ಯಾದೆಯೋ ಸಲಿಗೆಯೋ ಬೇಕಾದರೆ ‘ಓಕೆ ಸರ್’, ‘ಓಕೆ ಕಣೇ’ ಎಂದು ಪಕ್ಕಕ್ಕೆ ಸೇರಿಸಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಓಕೆಯೇ ಕ್ರಿಯಾಪದವಾಗಿ ಕಾಲಪ್ರತ್ಯಯ ಹಚ್ಚಿಕೊಳ್ಳುತ್ತದೆ. ಕನ್ನಡ ಅದಕ್ಕೆ ಬಿಟ್ಟಿಲ್ಲ. ಸಾಲ ಓಕೆ ಆಯ್ತು, ಸಾಹೇಬರು ಓಕೆ ಮಾಡಿದ್ರು, ಅವಳು ಓಕೆ ಅಂದ್ಲು ಎಂದು ಪ್ರತಿ ಸಲವೂ ನಮ್ಮದೇ ಕ್ರಿಯಾಪದವೊಂದು ಅದರ ಜೊತೆಗೆ ಬರುತ್ತದೆ.