ಕ್ಯಾಮ್‌ಶಾಫ್ಟಿಗೆ ಸಂಬಂಧ ನೋಡಿದ ಕಥೆ

ಮಿಸೌರಿ ಸಿಟಿ ಇರುವುದು ಮಿಸೌರಿ ರಾಜ್ಯದಲ್ಲಲ್ಲ, ಟೆಕ್ಸಸ್ಸಿನಲ್ಲಿ, ಹ್ಯೂಸ್ಟನ್ನಿನ ನೈರುತ್ಯ ಮಗ್ಗುಲಿಗೆ. ಊರ ನೆಂಟರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಇಲ್ಲಿನ ನಮ್ಮ ಗ್ಯಾರೇಜಿನಲ್ಲಿ 1971ರ ಶೆವರ್ಲೆ ಶೆವೆಲ್ ಮಾಲಿಬು ಇದೆ. ಇಂಜಿನ್ನು 350 ಘನ ಇಂಚಿನ ವಿ-8. ಎರಡು ವರ್ಷದಲ್ಲಿ ಅದನ್ನು ಎರಡು ಸಲ ಇಳಿಸಿದ್ದೇನೆ. ಮೊದಲನೆಯದು ವಯಸ್ಸಿನ ದೋಷ, ಎರಡನೆಯದು ನನ್ನದು.

ಎರಡನೇ ಸಲ ಇಳಿಸಿದಾಗ ಬುದ್ಧಿ ಬಂದು, ಕ್ಯಾಮ್‌ಶಾಫ್ಟ್ ಮಾಡುವವರ ಸಹಾಯವಾಣಿಗೇ ಫೋನು ಹಚ್ಚಿದೆ. ಆ ಕಡೆಯ ಹಿರಿಯರು ಹಾರ್ಸ್‌ಪವರ್ ಎಷ್ಟು ಬೇಕೆಂದು ಕೇಳಲೇ ಇಲ್ಲ. ಗಾಡಿಯ ತೂಕ ಎಷ್ಟು? ಕಂಪ್ರೆಷನ್ ಎಷ್ಟು? ಹಿಂದಿನ ಆಕ್ಸಲ್ ಗೇರು ಯಾವುದು? ಟಾರ್ಕ್ ಕನ್ವರ್ಟರ್ ಕಂಪನಿಯದ್ದೋ ಬದಲಿಸಿದ್ದೋ? ಬ್ರೇಕಿಗೆ ಬೂಸ್ಟರ್ ಇದೆಯೋ? ಗೋತ್ರ, ನಕ್ಷತ್ರ, ಮನೆತನ ಎಲ್ಲ ವಿಚಾರಿಸಿದ ಮೇಲೆ ಹುಡುಗಿಯ ಫೋಟೋ ತೋರಿಸುವವರ ಹಾಗೆ. ಕೊನೆಗೆ ಒಂದು ಪ್ರಶ್ನೆ: ‘ಗಾಡಿಯನ್ನು ಎಲ್ಲಿ ಓಡಿಸ್ತೀರಿ? ನಿಜ ಹೇಳಿ.’

ನಿಜ ಹೇಳುವುದೇ ಕಷ್ಟವಾಯಿತು. ಮನಸ್ಸಿನಲ್ಲಿದ್ದದ್ದು ರೇಸು. ಓಡಿಸುವುದು ಹೈವೇ 6ರ ಸಿಗ್ನಲ್ಲುಗಳ ನಡುವೆ, ಆಗೊಮ್ಮೆ ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ, ವರ್ಷಕ್ಕೊಮ್ಮೆ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ. ಬೇಟೌನಿನಲ್ಲಿದ್ದ ಡ್ರ್ಯಾಗ್ ರೇಸಿನ ಪಟ್ಟಿ 2023ರಲ್ಲೇ ಮುಚ್ಚಿಹೋಗಿದೆ.

ಕ್ಯಾಮ್‌ಶಾಫ್ಟ್ ಎಂದರೆ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ದಂಡ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು, ಅದು ರಾಕರನ್ನು, ರಾಕರ್ ವಾಲ್ವನ್ನು. ಅಪ್ಪನ ಕಾಲದ ಅಂಬಾಸಿಡರ್‌ನಲ್ಲಿದ್ದದ್ದೂ ಇದೇ ಏರ್ಪಾಡು. (ಮೈಸೂರಿನ ಜಾವಾ, ಯೆಜ್ಡಿಗಳಿಗೆ ಈ ತಲೆನೋವೇ ಇರಲಿಲ್ಲ. ಟೂ-ಸ್ಟ್ರೋಕ್ ಇಂಜಿನ್ನಿಗೆ ಕ್ಯಾಮೂ ಇಲ್ಲ, ವಾಲ್ವೂ ಇಲ್ಲ.)

ಕ್ಯಾಟಲಾಗಿನಲ್ಲಿ ನೋಡಬೇಕಾದ ಅಂಕಿ ಮುಖ್ಯವಾಗಿ ಮೂರು. ವಾಲ್ವು ಎಷ್ಟು ಎತ್ತರ ಏಳುತ್ತದೆ ಎನ್ನುವುದು ಲಿಫ್ಟ್. ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ತೆರೆದಿರುತ್ತದೆ ಎನ್ನುವುದು ಡ್ಯೂರೇಷನ್. ಮಿಶ್ರಣ ಬರುವ ವಾಲ್ವು ಒಳಬಾಗಿಲು, ಹೊಗೆ ಹೋಗುವ ವಾಲ್ವು ಹೊರಬಾಗಿಲು ಎಂದುಕೊಂಡರೆ, ಅವೆರಡರ ಉಬ್ಬುಗಳ ನಡುವಿನ ಕೋನ ಮೂರನೆಯದು. ಡ್ಯೂರೇಷನ್ನನ್ನು ಟ್ಯಾಪೆಟ್ 0.050 ಇಂಚು ಎದ್ದಲ್ಲಿಂದ ಅಳೆದ ಅಂಕಿಯಲ್ಲೇ ಹೋಲಿಸಬೇಕು. ಜಾಹೀರಾತಿನ ದೊಡ್ಡ ಅಂಕಿಯನ್ನು ಒಬ್ಬೊಬ್ಬರು ಒಂದೊಂದು ಕಡೆಯಿಂದ ಅಳೆದಿರುತ್ತಾರೆ.

ಮೊದಲ ಸಲ ನಾನು ಆರಿಸಿದ್ದು 230 ಡಿಗ್ರಿಯದ್ದು. ಕಾರಣ ಸದ್ದು. ನಿಂತಲ್ಲೇ ಗುಡು... ಗುಡು... ಎಂದು ಚಂಡೆಯ ಹಾಗೆ ಬಡಿಯುತ್ತದಲ್ಲ, ಅದು. ಆ ಸದ್ದಿನ ಮರ್ಮ ಆಮೇಲೆ ತಿಳಿಯಿತು. ಹೊರಬಾಗಿಲು ಮುಚ್ಚುವ ಮೊದಲೇ ಒಳಬಾಗಿಲು ತೆರೆದುಕೊಂಡರೆ, ನಿಧಾನಗತಿಯಲ್ಲಿ ಸುಟ್ಟ ಹೊಗೆ ಹಿಂದಕ್ಕೆ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುತ್ತದೆ. ಒಂದು ಸಿಲಿಂಡರ್ ಉರಿಯುತ್ತದೆ, ಪಕ್ಕದ್ದು ಅರ್ಧ ಉರಿಯುತ್ತದೆ. ಕಾರ್ ಶೋದಲ್ಲಿ ಜನ ಚಪ್ಪಾಳೆ ತಟ್ಟುವುದು ಇಂಜಿನ್ನಿನ ತೊದಲಿಗೆ.

ಇನ್ನೊಂದು ಎಡವಟ್ಟೂ ಇತ್ತು. ಡ್ಯೂರೇಷನ್ ಉದ್ದವಾದಷ್ಟೂ ಒಳಬಾಗಿಲು ಮುಚ್ಚುವುದು ತಡ. ಪಿಸ್ಟನ್ ಮೇಲೇರತೊಡಗಿದರೂ ಬಾಗಿಲು ತೆರೆದೇ ಇದ್ದು, ಎಳೆದುಕೊಂಡದ್ದರಲ್ಲಿ ಒಂದಿಷ್ಟು ವಾಪಸ್ಸು ಹೋಗುತ್ತದೆ. ವೇಗ ಹೆಚ್ಚಿದ್ದಾಗ ಗಾಳಿಯ ಓಟವೇ ಅದನ್ನು ಒಳಗೆ ತಳ್ಳುವುದರಿಂದ ಲಾಭ, ನಿಧಾನದಲ್ಲಿ ಬರೀ ನಷ್ಟ. ಕಡಿಮೆ ಸೀಸದ ಪೆಟ್ರೋಲಿಗೆ ಹೊಂದಲೆಂದು ಜನರಲ್ ಮೋಟರ್ಸ್ 1971ರಲ್ಲಿ ಕಂಪ್ರೆಷನ್ ಇಳಿಸಿತು. ನನ್ನ ಇಂಜಿನ್ನಿನದು 8.5ಕ್ಕೆ 1. ಬಡವನ ಕೈಲಿ ಇದ್ದ ನಾಲ್ಕು ಕಾಸನ್ನೂ ಕಿತ್ತುಕೊಂಡ ಹಾಗಾಯಿತು.

ಆ ಕ್ಯಾಮು ಹೆಚ್ಚು ದಿನ ಬಾಳಲೂ ಇಲ್ಲ. ಹಳೆಯ ಇಂಜಿನ್ನಿನ ಟ್ಯಾಪೆಟ್ ತಳ ಚಪ್ಪಟೆ ಎನ್ನುತ್ತಾರೆ, ಪೂರ್ತಿ ಚಪ್ಪಟೆಯಲ್ಲ. ತಳಕ್ಕೆ ಕೂದಲೆಳೆಯಷ್ಟು ಉಬ್ಬು, ಕ್ಯಾಮಿಗೆ ಅಷ್ಟೇ ಓರೆ. ಇದರಿಂದ ಟ್ಯಾಪೆಟ್ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ತಿರುಗುವುದು ನಿಂತರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಹೊಸದು ಹಾಕಿದಾಗ ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಇಳಿಸಬಾರದು. ಕ್ಯಾಮಿಗೆ ಎಣ್ಣೆ ಬೀಳುವುದು ಕ್ರ್ಯಾಂಕ್ ಎರಚಿದ್ದರಿಂದ, ನಿಧಾನಕ್ಕೆ ತಿರುಗಿದರೆ ಅದು ಸಾಲದು. ನಾನು ಮಾಡಿದ್ದೇನು? ಅಕ್ಕಪಕ್ಕದವರೆಲ್ಲ ಸೇರಿದ್ದರು, ಸದ್ದು ಕೇಳಿಸಬೇಕಿತ್ತು, ಐಡಲ್‌ನಲ್ಲಿ ಬಿಟ್ಟೆ. ಸಾಲದ್ದಕ್ಕೆ ಸೂಪರ್‌ಮಾರ್ಕೆಟ್ಟಿನ ಮಾಮೂಲಿ ಎಣ್ಣೆ. ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ಅದರಲ್ಲಿ ಸತು-ರಂಜಕದ ಅಂಶ ಇಳಿಸಿದ್ದಾರೆ. ಹಳೆಯ ಕ್ಯಾಮುಗಳಿಗೆ ಅದೇ ಕವಚ. ಮೂರನೇ ವಾರಕ್ಕೆ ಟಕ್ ಟಕ್ ಶುರುವಾಯಿತು. ಬಿಚ್ಚಿದರೆ ಒಂದು ಉಬ್ಬು ಗುಂಡಗಾಗಿಬಿಟ್ಟಿತ್ತು, ಎಣ್ಣೆಯ ತುಂಬ ಕಬ್ಬಿಣದ ಪುಡಿ.

ಏಪ್ರಿಲ್ಲಿನಲ್ಲಿ ಡಲ್ಲಾಸ್ ಕಡೆ ಟೆಕ್ಸಸ್ ಮೋಟರ್ ಸ್ಪೀಡ್‌ವೇಯಲ್ಲಿ ಪೇಟ್ ಸ್ವಾಪ್ ಮೀಟ್ ಎಂಬ ಬಿಡಿಭಾಗಗಳ ಜಾತ್ರೆ ನಡೆಯುತ್ತದೆ. ಬಂಪರ್, ಬ್ಯಾಡ್ಜು, ಕಾರ್ಬುರೇಟರ್ ಏನು ಬೇಕಾದರೂ ಕೊಳ್ಳಿ. ಬಳಸಿದ ಈ ಜಾತಿಯ ಕ್ಯಾಮು ಮಾತ್ರ ಬೇಡ. ಪ್ರತಿ ಟ್ಯಾಪೆಟ್ಟೂ ತನ್ನದೇ ಉಬ್ಬಿನ ಜೊತೆ ಸವೆದು ಹೊಂದಿರುತ್ತದೆ. ಜೋಡಿ ತಪ್ಪಿದರೆ ಮುಗಿಯಿತು. ರೋಲರ್ ಟ್ಯಾಪೆಟ್ಟಿನ ಕ್ಯಾಮಿಗೆ ಈ ಕಾಟವಿಲ್ಲ. ಶೆವರ್ಲೆ ತಾನೇ 1987ರಿಂದ 350ರಲ್ಲಿ ಅದನ್ನು ಹಾಕತೊಡಗಿತು. ಹಳೆಯ ಬ್ಲಾಕಿಗೂ ಕೂರಿಸಬಹುದು, ಆದರೆ ಬೆಲೆ ಕೇಳಿ ನಾನು ಹಿಂದೆ ಸರಿದೆ.

ಟೆಕ್ಸಸ್ ಕಾನೂನಿನ ಚಿಂತೆ ಇರಲಿಲ್ಲ. ಈ ಕೌಂಟಿಯಲ್ಲಿ ಹೊಗೆ ತಪಾಸಣೆ 24 ವರ್ಷದವರೆಗಿನ ಗಾಡಿಗಳಿಗೆ ಮಾತ್ರ. ಕಾಡಿದ್ದು ಗಾಳಿ. ಮಿಸೌರಿ ಸಿಟಿ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದೆ, ಬೆಂಗಳೂರು 920 ಮೀಟರ್ ಮೇಲೆ. ಇಲ್ಲಿ ಇಂಜಿನ್ನಿಗೆ ದಟ್ಟ ಗಾಳಿ ಪುಕ್ಕಟೆ ಎಂದುಕೊಂಡಿದ್ದೆ. ಆದರೆ ಆಗಸ್ಟಿನ ಮಧ್ಯಾಹ್ನ 35 ಡಿಗ್ರಿ ಸೆಖೆ, ಮೇಲೆ ಕೊಲ್ಲಿಯ ತೇವ ಸೇರಿದರೆ ಗಾಳಿ ಹಿಗ್ಗಿ, ಲೆಕ್ಕದಲ್ಲಿ ಸುಮಾರು 3,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಅಂದರೆ ಬೆಂಗಳೂರಿನ ಎತ್ತರ! ಏಸಿ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತಾಗ, ತೊದಲುವ ಇಂಜಿನ್ನು ಅಲ್ಲೇ ಉಸಿರುಕಟ್ಟಿ ನಿಲ್ಲುತ್ತದೆ.

ಹಿರಿಯರು ಕೊನೆಗೆ ಹೇಳಿದ್ದು 212 ಡಿಗ್ರಿಯ ಕ್ಯಾಮು, 0.447 ಇಂಚು ಲಿಫ್ಟ್. ಇದಕ್ಕಿಂತ ಬಹಳ ಎತ್ತಿದರೆ ಕಂಪನಿಯ ಹಳೆಯ ಹೆಡ್ಡಿನಲ್ಲಿ ಸ್ಪ್ರಿಂಗಿನ ರಿಟೇನರ್ ವಾಲ್ವ್ ಗೈಡಿಗೆ ತಾಗುವ ಭಯ. ಆಕ್ಸಲ್ಲು 3.08 ಇರುವುದರಿಂದ 70 ಮೈಲಿ ವೇಗದಲ್ಲಿ ಇಂಜಿನ್ನು ಸುತ್ತುವುದು ಸುಮಾರು 2,800. ನನಗೆ ಶಕ್ತಿ ಬೇಕಾದದ್ದು ಅಲ್ಲಿ, 6,000ದಲ್ಲಿ ಅಲ್ಲ. ಡಿಗ್ರಿ ಚಕ್ರ ಹಾಕಿ ನೋಡಿ ಕೂರಿಸಿದೆ. ಈ ಸಲ ಇಪ್ಪತ್ತು ನಿಮಿಷ ಗ್ಯಾರೇಜಿನ ಹತ್ತಿರ ಯಾರನ್ನೂ ಬಿಡಲಿಲ್ಲ.

ದೊಡ್ಡ ಕ್ಯಾಮಿದ್ದಾಗ ವ್ಯಾಕ್ಯೂಮ್ ಮೀಟರಿನ ಮುಳ್ಳು 10 ಇಂಚಿನ ಸುತ್ತ ನಡುಗುತ್ತಿತ್ತು, ಬ್ರೇಕಿನ ಬೂಸ್ಟರಿಗೆ ಅದು ಸಾಲದೆ ಪೆಡಲ್ ಒತ್ತಿದರೆ ಕಲ್ಲು ಒದ್ದಂತೆ. ಈಗ 16ರಲ್ಲಿ ಅಲುಗದೆ ನಿಂತಿದೆ. ಮೊನ್ನೆ ಆಸ್ಟಿನ್ನಿಗೂ ಹೋಗಿ ಬಂದೆ. ಮರಳಿದಾಗ ಪಕ್ಕದ ಮನೆಯಾತ ಬಾನೆಟ್ ಮೇಲೆ ಕೈಯಿಟ್ಟು, ಹಳೆಯ ಸದ್ದು ಎಲ್ಲಿ ಹೋಯಿತು ಎಂದು ಕೇಳಿದ. ಗೋಡೆಗೆ ನೇತುಹಾಕಿದ್ದ ಸವೆದ ಕ್ಯಾಮನ್ನು ತೋರಿಸಿದೆ.