ನಾಲ್ಕು ವರ್ಷದ ಕೌದಿ

ನಮ್ಮ ಮನೆಯ ಕೌದಿ ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ, ಮುಗಿದಿದ್ದು 2024ರಲ್ಲಿ. ಅದರಲ್ಲಿ ಹೊಲಿಗೆಗೆ ಹಿಡಿದ ಸಮಯ ಎಲ್ಲಾ ಸೇರಿಸಿದರೂ ಆರು ತಿಂಗಳು ಇರಲಿಕ್ಕಿಲ್ಲ. ಉಳಿದದ್ದೆಲ್ಲ ಬಟ್ಟೆ ಹಳೆಯದಾಗಲಿ ಅಂತ ಕಾದಿದ್ದು.

ಉತ್ತರ ಕರ್ನಾಟಕದವರಿಗೆ ಕೌದಿ ಅಂದ್ರೆ ಏನಂತ ಹೇಳಬೇಕಿಲ್ಲ. ಉಳಿದವರಿಗಾಗಿ: ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಲ್ಲಿ ಕೈಯಿಂದಲೇ ಹೊಲಿಯುವ ಹೊದಿಕೆ. ಹಾಸೋಕೂ ಆಗುತ್ತೆ, ಹೊದೆಯೋಕೂ ಆಗುತ್ತೆ.

ಆನ್‌ಲೈನ್‌ನಲ್ಲಿ ಸಿಗುವ ಕೆಲವು 'ಕೌದಿ'ಗಳಲ್ಲಿ ಹೊಸ ಬಟ್ಟೆಯನ್ನೇ ಕತ್ತರಿಸಿ ಹೊಲಿದಿರುತ್ತಾರೆ. ನೋಡೋಕೆ ಚೆಂದ. ನಮ್ಮಜ್ಜಿ ಫೋಟೋ ನೋಡಿ, "ಹೊಸಾ ಅರಿವಿ ಮೈಗೆ ಒಗ್ಗೂದಿಲ್ಲ ತಮ್ಮಾ" ಅಂದಳು. ಅವಳ ಲೆಕ್ಕದಲ್ಲಿ ಹತ್ತಾರು ಸಲ ಒಗೆದು, ಗಂಜಿ ಎಲ್ಲ ಹೋಗಿ, ಮೆತ್ತಗಾದ ಹತ್ತಿ ಬಟ್ಟೆ ಮಾತ್ರ ಕೌದಿಗೆ ಲಾಯಕ್ಕು.

ಪರೀಕ್ಷೆ ಸರಳ. ಬಟ್ಟೆಯ ಮೇಲೆ ನಾಲ್ಕು ಹನಿ ನೀರು ಬಿಡುವುದು. ಹೀರಿಕೊಂಡರೆ ಪಾಸು, ಜಾರಿ ಹೋದರೆ ಫೇಲು. ನಾನು ಬೆಂಗಳೂರಿನಿಂದ ಹೊತ್ತು ತಂದ ಹನ್ನೊಂದು ಕಂಪನಿ ಟೀಶರ್ಟ್‌ಗಳಲ್ಲಿ ಪಾಸಾಗಿದ್ದು ಎರಡು! ನಿಮ್ಮ ವಾರ್ಡ್‌ರೋಬ್ ತೆಗೆದು ಒಮ್ಮೆ ನೋಡಿ. ನಮ್ಮ ತಲೆಮಾರಿನ ಬಟ್ಟೆಯಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್. ಅದು ಬೇಗ ಹರಿಯುವುದೂ ಇಲ್ಲ, ಹಳೆಯದಾದರೆ ಮೆತ್ತಗಾಗುವುದೂ ಇಲ್ಲ. ಬಟ್ಟೆ ಕೂಡಿಸೋಕೆ ವರ್ಷಗಳೇ ಹಿಡಿಯೋದು ಇದಕ್ಕೇ.

ಅಜ್ಜಿಯ ಇಳಕಲ್ ಸೀರೆಗಳು ಬಹಳ ಕೆಲಸಕ್ಕೆ ಬಂದವು. ಒಡಲು ಹತ್ತಿಯದಾದ್ದರಿಂದ ಅದು ಒಳಪದರಕ್ಕೆ ಹೋಯಿತು. ರೇಷ್ಮೆಯ ಕೆಂಪು-ಬಿಳಿ ಸೆರಗನ್ನು ಬಿಚ್ಚಿ ಅಂಚಿಗೆ ಇಟ್ಟುಕೊಂಡಳು. ಗುಳೇದಗುಡ್ಡ ಖಣದ ಹಳೆ ಕುಪ್ಪಸಗಳಿಂದ ಅಂಗೈಯಗಲದ ತುಂಡುಗಳು ಸಿಕ್ಕವು. ಅವು ಮೇಲ್ಭಾಗದ ಅಂದಕ್ಕೆ.

2021ರಲ್ಲಿ ಅಜ್ಜ ತೀರಿಕೊಂಡರು. ಹೋದವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ನಮ್ಮ ಕಡೆ ಹೇಳುತ್ತಾರೆ. ಹಿರಿಯರು ಎಲ್ಲವನ್ನೂ ಗಂಟು ಕಟ್ಟಿ ಕಳಿಸಿದರು. ಎರಡು ಧೋತರ ಮಾತ್ರ ಅಜ್ಜಿಯ ಟ್ರಂಕಿನಲ್ಲೇ ಉಳಿದಿದ್ದವು. ಅದು ಗೊತ್ತಾಗಿದ್ದು ಒಂದೂವರೆ ವರ್ಷದ ಮೇಲೆ, ಪದರ ಹಾಸುವ ದಿನ. ಅತ್ತೆ, "ಬ್ಯಾಡವ್ವಾ, ಸಣ್ಣ ಹುಡುಗರು ಹೊಚ್ಚಿಕೊಳ್ಳೂದು ಅದು" ಅಂದರು. ಅಜ್ಜಿ ಜಗಳಕ್ಕೆ ಹೋಗಲಿಲ್ಲ. ಧೋತರಗಳನ್ನು ಸರಿಯಾಗಿ ನಡುವಿನ ಪದರಕ್ಕೆ ಹಾಸಿ, "ಒಳಗ ಇರ್ಲಿ. ಯಾರಿಗೂ ಕಾಣಂಗಿಲ್ಲ" ಅಂದಳು. ಅಂಗೈಯಿಂದ ಒಂದೊಂದೇ ಸುಕ್ಕು ತೀಡಿದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ತಾವೇ ಇನ್ನೊಂದು ತುದಿ ಹಿಡಿದರು.

ಹೊಲಿಗೆ ಅಂಚಿನಿಂದ ಶುರು. ಸುತ್ತಲೂ ಹೊಲಿಯುತ್ತ ನಡುವಿಗೆ ಬರಬೇಕು. ಸಾಲಿಂದ ಸಾಲಿಗೆ ಒಂದು ಬೆರಳಿನಷ್ಟು ಅಂತರ. ಸೂಜಿ ಪ್ರತಿ ಸಲವೂ ಎಲ್ಲ ಪದರ ದಾಟಬೇಕು, ಇಲ್ಲದಿದ್ದರೆ ಒಗೆದಾಗ ಒಳಗಿನ ಬಟ್ಟೆ ಒಂದು ಕಡೆ ಮುದ್ದೆಯಾಗಿ ಕೂರುತ್ತೆ. ರಜೆಗೆ ಊರಿಗೆ ಹೋದಾಗೆಲ್ಲ ನಾನೂ ಒಂದೆರಡು ಸಾಲು ಹೊಲಿದೆ. ಅಜ್ಜಿಯ ಕಣ್ಣು ಮಂಜಾಗುತ್ತ ಬಂದ ಮೇಲೆ ಸೂಜಿಗೆ ದಾರ ಪೋಣಿಸಿಡುವ ಕೆಲಸ ಪೂರ್ತಿ ನಂದೇ. ಬೆಂಗಳೂರಿಗೆ ಹೊರಡುವ ಮುಂಚೆ ಇಪ್ಪತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಬರುತ್ತಿದ್ದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರೂ ಹೀಗೇ ಹೊಲಿಯುತ್ತಾರೆ. ಅವರು ಕವಂದಿ ಅನ್ನುತ್ತಾರೆ. ಅದರ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಇಡುವ ತುಂಡಿಗೆ 'ಫುಲ' ಅಂತ ಹೆಸರು, ಅಂದರೆ ಹೂವು. ಅದು ಇಲ್ಲದಿದ್ದರೆ ಕವಂದಿ ಪೂರ್ತಿಯಾಗಲ್ಲ. ವಿಡಿಯೋ ತೋರಿಸಿದಾಗ ಅಜ್ಜಿ ಎರಡೆರಡು ಸಲ ನೋಡಿ, "ಅವರ ಕೈ ನನಗಿಂತ ಚಲೋ ಐತಿ" ಅಂದಳು. ನಮ್ಮ ಕೌದಿಗೆ ಮಾತ್ರ ಹೂ ಇಡಲಿಲ್ಲ. ಅದು ಅವರದು ಅಂತೆ.

ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ-ಹೊದಿಕೆಯೆಲ್ಲ ಒಗೆಯುವುದು ನಮ್ಮ ಕಡೆಯ ರೂಢಿ. ಆಗ ಈ ಕೌದಿಯನ್ನೂ ಒಗೆದೆವು. ನೀರು ಕುಡಿದ ಮೇಲೆ ಅದನ್ನು ಎತ್ತಿ ಹಿಂಡೋಕೆ ನಾನು, ಅತ್ತೆ ಇಬ್ಬರೂ ಬೇಕಾಯಿತು. ಕೆಂಪು ಸೆರಗು ಸ್ವಲ್ಪ ಬಣ್ಣ ಬಿಟ್ಟಿದೆ. ಹರಿದಾಗ ಮೇಲೊಂದು ಪದರ ಹಾಕಿದರೆ ಇದೇ ಹೊಸ ಕೌದಿಯ ಒಳಭಾಗ ಆಗುತ್ತೆ ಅಂತ ಅಜ್ಜಿ ಈಗಲೇ ಹೇಳಿಟ್ಟಿದ್ದಾಳೆ. ಅದಕ್ಕೆ ಅಂತ ಟ್ರಂಕಿನಲ್ಲಿ ನನ್ನ ಎರಡು ಕಾಟನ್ ಶರ್ಟು ಆಗಲೇ ಕೂತಿವೆ. ಒಂದನ್ನು ನಾನಿನ್ನೂ ಹಾಕಿಕೊಳ್ಳುತ್ತಿದ್ದೆ.