ಚನ್ನಪಟ್ಟಣದ ಗೊಂಬೆ: ಹೆಸರಿನ ರಕ್ಷಣೆ ಮತ್ತು ಆಕಾರದ ರಕ್ಷಣೆ

ಕರಕುಶಲ ವಸ್ತುವೊಂದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತೆಂದರೆ ಅದನ್ನು ತಯಾರಿಸುವ ಕುಶಲಕರ್ಮಿಯ ಹಕ್ಕುಗಳೆಲ್ಲವೂ ಭದ್ರವಾದವೆಂಬ ನಂಬಿಕೆ ವ್ಯಾಪಕವಾಗಿದೆ. ಈ ಮಾನ್ಯತೆಯನ್ನು ‘ಪೇಟೆಂಟ್’ ಎಂದೇ ಕರೆಯುವ ರೂಢಿಯೂ ಉಂಟು. ಎರಡೂ ಸರಿಯಲ್ಲ. ಭೌಗೋಳಿಕ ಸೂಚಕವು ರಕ್ಷಿಸುವುದು ಹೆಸರನ್ನು. ಆ ಹೆಸರಿನಲ್ಲಿ ಮಾರಾಟವಾಗುವ ವಸ್ತುವಿನ ಆಕಾರವನ್ನಲ್ಲ. ಈ ವ್ಯತ್ಯಾಸದ ಪರಿಣಾಮವೇನೆಂಬುದನ್ನು ಚನ್ನಪಟ್ಟಣದ ಮರದ ಗೊಂಬೆಗಳ ನಿದರ್ಶನದಿಂದ ಅರಿಯಬಹುದು.

ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿರುವ ಈ ಊರಿನ ಕಸುಬಿನ ಮೂಲವನ್ನು ಟಿಪ್ಪು ಸುಲ್ತಾನನ ಕಾಲಕ್ಕೆ ಒಯ್ಯುವ ಐತಿಹ್ಯ ಪ್ರಸಿದ್ಧವಾಗಿದೆ. ಹದವಾಗಿ ಒಣಗಿಸಿದ ಆಲೆಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಬಳಿಕ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಲೇತ್‌ನಲ್ಲಿ ಮೂಡುವ ರೂಪಗಳು ಸಹಜವಾಗಿಯೇ ದುಂಡಾದವು: ಗೋಲ, ಶಂಕು, ಕೊಳವೆ, ಬಳೆ. ಇವುಗಳನ್ನು ಹೊಸ ಬಗೆಯಲ್ಲಿ ಜೋಡಿಸುವುದರಲ್ಲಿ ಕುಶಲಕರ್ಮಿಯ ಪ್ರತಿಭೆ ಕಾಣುತ್ತದೆ. ಆದರೆ ಅಂಥ ಜೋಡಣೆಯೊಂದು ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಲೇತ್ ಬಲ್ಲ ಯಾರೂ ಅದನ್ನು ಅನುಕರಿಸಬಲ್ಲರು.

1999ರ ಸರಕುಗಳ ಭೌಗೋಳಿಕ ಸೂಚಕಗಳ (ನೋಂದಣಿ ಮತ್ತು ಸಂರಕ್ಷಣೆ) ಅಧಿನಿಯಮವು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಅದರಡಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳು 2005-06ರ ಸಾಲಿನಲ್ಲಿ ದಾಖಲಾದವು. ಮೈಸೂರು ರೇಷ್ಮೆ, ಬಿದರಿ ಕಲೆ, ಕಸೂತಿ ಇವೂ ಅದೇ ಸಾಲಿನವು. ನೋಂದಣಿಯ ಅವಧಿ 10 ವರ್ಷಗಳಾಗಿದ್ದು, ಎಷ್ಟು ಸಲ ಬೇಕಾದರೂ ನವೀಕರಿಸಬಹುದು. ಹಕ್ಕನ್ನು ಮಾರುವುದಕ್ಕಾಗಲಿ, ಅಡವಿಡುವುದಕ್ಕಾಗಲಿ ಅವಕಾಶವಿಲ್ಲ. ಗೊಂಬೆಗಳ ಸೂಚಕಕ್ಕೆ ನೋಂದಾಯಿತ ಒಡೆಯನೆಂದರೆ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ. ಗೊಂಬೆ ಕಡೆಯುವವನು ಕಾನೂನಿನ ಪೂರ್ಣ ಪ್ರಯೋಜನ ಪಡೆಯಬೇಕಾದರೆ ‘ಅಧಿಕೃತ ಬಳಕೆದಾರ’ನೆಂದು ಪ್ರತ್ಯೇಕವಾಗಿ ಹೆಸರು ದಾಖಲಿಸಿಕೊಳ್ಳಬೇಕು, ಇದರ ಶುಲ್ಕವನ್ನು 2020ರ ತಿದ್ದುಪಡಿಯು 500 ರೂಪಾಯಿಗಳಿಂದ 10 ರೂಪಾಯಿಗಳಿಗೆ ಇಳಿಸಿತು.

ಈ ದಾಖಲಾತಿಗೆ ಅನಿರೀಕ್ಷಿತವಾದ ಇನ್ನೊಂದು ಮಹತ್ವವೂ ಪ್ರಾಪ್ತವಾಗಿದೆ. ಆಟಿಕೆಗಳಿಗೆ ಗುಣಮಟ್ಟದ ಮುದ್ರೆಯನ್ನು ಕಡ್ಡಾಯಗೊಳಿಸಿದ ಕೇಂದ್ರ ಸರ್ಕಾರದ ಆದೇಶವು 2021ರ ಜನವರಿ 1ರಿಂದ ಅನ್ವಯವಾಯಿತು. ಪರೀಕ್ಷೆಯ ವೆಚ್ಚವನ್ನು ಸಣ್ಣ ಕಸುಬುದಾರ ಭರಿಸುವುದು ಕಷ್ಟವಾದುದರಿಂದ, 2020ರ ಡಿಸೆಂಬರ್‌ನ ತಿದ್ದುಪಡಿಯು ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಒಡೆಯ ಮತ್ತು ಅಧಿಕೃತ ಬಳಕೆದಾರರಿಗೂ ವಿನಾಯಿತಿ ನೀಡಿತು.

ಇಷ್ಟಾದರೂ ಹೊರಗಿನ ಕಾರ್ಖಾನೆಯೊಂದು ಚನ್ನಪಟ್ಟಣದ ಗೊಂಬೆಯ ತದ್ರೂಪನ್ನು ತಯಾರಿಸಿ, ಊರಿನ ಹೆಸರನ್ನು ಸೂಚಿಸದೆ ಬರಿಯ ‘ಮರದ ಆಟಿಕೆ’ ಎಂದು ಮಾರಿದರೆ ಭೌಗೋಳಿಕ ಸೂಚಕದ ಕಾನೂನು ಅದನ್ನು ತಡೆಯಲಾರದು. ಪೇಟೆಂಟ್ ಇಲ್ಲಿ ನೆರವಾಗದು. ಸಾಂಪ್ರದಾಯಿಕ ಜ್ಞಾನವು ಆವಿಷ್ಕಾರವಲ್ಲವೆಂದು ಪೇಟೆಂಟ್ ಅಧಿನಿಯಮದ 3(ಪಿ) ಪ್ರಕರಣವೇ ಹೇಳುತ್ತದೆ. ಉಳಿಯುವುದು ಕೃತಿಸ್ವಾಮ್ಯ ಮತ್ತು ವಿನ್ಯಾಸ ಕಾನೂನುಗಳು. ಇವೆರಡರ ನಡುವಿನ ಗಡಿಯಲ್ಲಿಯೇ ಕುಶಲಕರ್ಮಿ ಎಡವುವುದು.

ಮೈಸೂರು ಶೈಲಿಯ ಚಿತ್ರಕಾರನೊಬ್ಬ ಸ್ವಂತ ಕಲ್ಪನೆಯ ಚಿತ್ರವನ್ನು ಬರೆದರೆ, ಯಾವ ನೋಂದಣಿಯೂ ಇಲ್ಲದೆ ಅದರ ಕೃತಿಸ್ವಾಮ್ಯ ಅವನ ಜೀವಿತಾವಧಿಗೂ ಮರಣಾನಂತರದ 60 ವರ್ಷಗಳಿಗೂ ಉಳಿಯುತ್ತದೆ. ಕಲಾತ್ಮಕ ಕರಕುಶಲ ಕೃತಿಗಳನ್ನೂ 1957ರ ಕೃತಿಸ್ವಾಮ್ಯ ಅಧಿನಿಯಮವು ಕಲಾಕೃತಿಗಳಲ್ಲಿ ಸೇರಿಸಿದೆ. ಆದರೆ ಅದರ 15(2)ನೆಯ ಪ್ರಕರಣದ ಪ್ರಕಾರ, ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟ ವಿನ್ಯಾಸವನ್ನು ಅಳವಡಿಸಿದ ವಸ್ತುವು, ಕೃತಿಸ್ವಾಮಿಯಿಂದಲೋ ಅವನ ಅನುಮತಿಯಿಂದಲೋ ಔದ್ಯಮಿಕ ಪ್ರಕ್ರಿಯೆಯ ಮೂಲಕ 50ಕ್ಕಿಂತ ಹೆಚ್ಚು ಬಾರಿ ತಯಾರಾದೊಡನೆ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಐವತ್ತು ಗೊಂಬೆಗಳೆಂದರೆ ಒಂದು ಸಾಧಾರಣ ಬೇಡಿಕೆ, ಅಷ್ಟೆ. ಕೈಯಿಂದ ಕಡೆದದ್ದು ಔದ್ಯಮಿಕ ಪ್ರಕ್ರಿಯೆಯೇ ಎಂದು ವಾದಿಸಲು ಅವಕಾಶವಿದೆ ನಿಜ. ಆದರೆ 2000ದ ವಿನ್ಯಾಸ ಅಧಿನಿಯಮವು ‘ವಿನ್ಯಾಸ’ವನ್ನು ನಿರೂಪಿಸುವಾಗ ಕೈಕೆಲಸದ ವಿಧಾನವನ್ನೂ ಸ್ಪಷ್ಟವಾಗಿ ಹೆಸರಿಸಿರುವುದರಿಂದ ಆ ವಾದದ ಮೇಲೆ ಭರವಸೆಯಿಡುವುದು ವಿವೇಕವೆನಿಸದು. ಹೆಸರಾಂತ ವಸ್ತ್ರವಿನ್ಯಾಸ ಸಂಸ್ಥೆಯೊಂದೇ ಈ ಪ್ರಕರಣದಿಂದಾಗಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ 2016ರಲ್ಲಿ ಸೋತಿತು: ರಿತಿಕಾ ಮತ್ತು ಬಿಬಾ ಅಪಾರೆಲ್ಸ್ ನಡುವಿನ ವ್ಯಾಜ್ಯವದು. ಶುದ್ಧ ಕಲಾಕೃತಿ ಯಾವುದು, ಔದ್ಯಮಿಕ ಬಳಕೆಯ ವಿನ್ಯಾಸ ಯಾವುದು ಎಂಬುದನ್ನು ಗುರುತಿಸುವ ಒರೆಗಲ್ಲನ್ನು 2025ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಯೋಗ್ಯಾಸ್ ಮೊಕದ್ದಮೆಯಲ್ಲಿ ನಿಗದಿಪಡಿಸಿತಾದರೂ ಐವತ್ತರ ಮಿತಿ ಹಾಗೆಯೇ ಉಳಿದಿದೆ.

ಆದುದರಿಂದ ಹೊಸ ಆಕಾರಕ್ಕೆ ನಿಜವಾದ ಆಶ್ರಯ ವಿನ್ಯಾಸ ನೋಂದಣಿಯೇ. ಅದರ ಅವಧಿ 10 ವರ್ಷ. ಇನ್ನೂ 5 ವರ್ಷ ವಿಸ್ತರಿಸಬಹುದು. ಮುಖ್ಯ ಷರತ್ತು ನವೀನತೆ. ಅರ್ಜಿ ಸಲ್ಲಿಸುವ ಮೊದಲೇ ಗೊಂಬೆ ಅಂಗಡಿಯ ಕಪಾಟನ್ನೇರಿದ್ದರೆ ನೋಂದಣಿಗೆ ಅರ್ಹತೆ ತಪ್ಪುತ್ತದೆ. ಮೇಳಗಳಲ್ಲಿ ಮೊದಲು ತೋರಿಸಿ, ಜನ ಮೆಚ್ಚಿದರೆ ಹೆಚ್ಚು ತಯಾರಿಸುವುದು ಕಸುಬಿನ ವಾಡಿಕೆ. ಕಾನೂನು ಬಯಸುವುದು ಇದಕ್ಕೆ ತದ್ವಿರುದ್ಧ ಕ್ರಮವನ್ನು. 21ನೆಯ ಪ್ರಕರಣದಲ್ಲಿ ಪ್ರದರ್ಶನಗಳಿಗೆ ರಿಯಾಯಿತಿ ಇದೆಯಾದರೂ ಅದು ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ಅಲ್ಲಿಯೂ ನಿಯಂತ್ರಕರಿಗೆ ಮುಂಚಿತವಾಗಿ ತಿಳಿಸಿ, 6 ತಿಂಗಳೊಳಗೆ ಅರ್ಜಿ ಹಾಕಬೇಕು. ಉಲ್ಲಂಘನೆಗೆ ನಿಗದಿಯಾದ ಪರಿಹಾರವಂತೂ ಅಲ್ಪ: ಪ್ರತಿ ಉಲ್ಲಂಘನೆಗೆ 25,000 ರೂಪಾಯಿ ಮೀರದಂತೆ, ಒಂದು ವಿನ್ಯಾಸಕ್ಕೆ ಒಟ್ಟು 50,000 ರೂಪಾಯಿ ಮೀರದಂತೆ. ಇದರ ಬದಲು ತಡೆಯಾಜ್ಞೆ ಮತ್ತು ನಷ್ಟಪರಿಹಾರಕ್ಕೆ ದಾವೆ ಹೂಡಬಹುದು. ವಾಸ್ತವವಾಗಿ ಉಪಯುಕ್ತವಾದದ್ದು ತಡೆಯಾಜ್ಞೆಯೇ.

ಕಡೆಯದಾಗಿ ಒಡೆತನದ ಪ್ರಶ್ನೆ. ಪ್ರತಿಫಲ ಪಡೆದು ಬೇರೊಬ್ಬರಿಗಾಗಿ ವಿನ್ಯಾಸ ರೂಪಿಸಿದರೆ, ಅಧಿನಿಯಮದ 2(ಜೆ) ಪ್ರಕರಣದಂತೆ ಮಾಡಿಸಿಕೊಂಡವರೇ ಅದರ ಸ್ವಾಮಿ. ರಫ್ತು ವರ್ತಕನ ಕೋರಿಕೆಯ ಮೇರೆಗೆ ಹೊಸ ಮಾದರಿಯೊಂದನ್ನು ಕಲ್ಪಿಸಿ ಕಡೆದುಕೊಟ್ಟ ಕುಶಲಕರ್ಮಿಯು, ಅದೇ ಮಾದರಿಯನ್ನು ಮರುವರ್ಷ ತನ್ನ ಅಂಗಡಿಯಲ್ಲಿಟ್ಟು ಮಾರಿದರೆ ಉಲ್ಲಂಘನೆಯ ಆರೋಪಕ್ಕೆ ಗುರಿಯಾಗುವ ಸಂಭವವಿದೆ. ಬಾಯಿಮಾತಿನಲ್ಲಿ ನಡೆಯುವ ಇಂಥ ವ್ಯವಹಾರಗಳಲ್ಲಿ, ಕೊಟ್ಟ ಹಣ ಗೊಂಬೆಗಳಿಗೋ ಅವುಗಳ ಆಕಾರಕ್ಕೋ ಎಂಬುದನ್ನು ಬೇಡಿಕೆಯ ಚೀಟಿಯಲ್ಲಿಯೇ ಬರೆಸಿಕೊಳ್ಳುವುದು ಅಗತ್ಯ.